ಎಣಿಸಿಟ್ಟ ಈಡು, ತಪ್ಪದ ಗುರಿ

ಆ್ಯನಿ ಓಕ್ಲಿಗೆ ಗುರಿಕಾರಿಕೆಯ ಪಾಠ ಹೇಳಿದ್ದು ಯಾವ ಗುರುವೂ ಅಲ್ಲ, ಬಡತನ. ಮದ್ದು, ಚರೆ, ಕೇಪು ಮೂರನ್ನೂ ದುಡ್ಡು ಕೊಟ್ಟೇ ತರಬೇಕಾಗಿದ್ದ ಮನೆಯಲ್ಲಿ ಒಂದು ಈಡು ವ್ಯರ್ಥವಾಯಿತೆಂದರೆ ಅಂದಿನ ಊಟದಲ್ಲಿ ಒಂದು ಪಾಲು ಕಡಿಮೆಯಾದಂತೆ. ಮುಂದೆ ಎರಡು ಖಂಡಗಳ ಜನರನ್ನು ಬೆರಗುಗೊಳಿಸಿದ ಕೌಶಲದ ಬೇರು ಇರುವುದು ಈ ಲೆಕ್ಕಾಚಾರದಲ್ಲಿ.

ಅಮೆರಿಕದ ಓಹಿಯೋ ರಾಜ್ಯದ ಡಾರ್ಕ್ ಕೌಂಟಿಯಲ್ಲಿ 1860ರ ಆಗಸ್ಟ್ 13ರಂದು ಜನಿಸಿದ ಆಕೆಯ ಹುಟ್ಟುಹೆಸರು ಫೀಬಿ ಆ್ಯನ್ ಮೋಸಿ. 1866ರಲ್ಲಿ ತಂದೆ ತೀರಿಕೊಂಡರು. ಸಾಕಲಾರದ ತಾಯಿ ಮಗಳನ್ನು ಬಡವರ ಆಶ್ರಯಧಾಮಕ್ಕೆ ಒಪ್ಪಿಸಿದಳು. ಅಲ್ಲಿಂದ ಮನೆಗೆಲಸಕ್ಕೆಂದು ಕರೆದೊಯ್ದ ಕುಟುಂಬವೊಂದು ಆಕೆಯನ್ನು ಜೀತದಾಳಿನಂತೆ ದುಡಿಸಿಕೊಂಡಿತು. ಆ ಜನರ ಹೆಸರನ್ನು ಆಕೆ ಎಂದೂ ಬಾಯಿಬಿಡಲಿಲ್ಲ, ತೋಳಗಳೆಂದಷ್ಟೇ ನೆನೆಯುತ್ತಿದ್ದಳು.

ತಪ್ಪಿಸಿಕೊಂಡು ಮನೆ ಸೇರಿದ ಹುಡುಗಿ ಕೋವಿ ಹಿಡಿದು ಕಾಡಿಗೆ ನಡೆದಳು. ಹೊಡೆದ ಲಾವಕ್ಕಿಗಳನ್ನು ಗ್ರೀನ್‌ವಿಲ್ ಪಟ್ಟಣದ ದಿನಸಿ ಅಂಗಡಿಗೆ ಮಾರುತ್ತಿದ್ದಳು; ಅವು ಸಿನ್ಸಿನಾಟಿಯ ಹೋಟೆಲುಗಳವರೆಗೂ ಹೋಗುತ್ತಿದ್ದವು. ತಿನ್ನುವವರ ಹಲ್ಲಿಗೆ ಚರೆ ಸಿಗಬಾರದೆಂದು ಆಕೆ ಹಕ್ಕಿಯ ತಲೆಗೇ ಗುರಿಯಿಡುತ್ತಿದ್ದಳು. ಹೀಗೆ ಗಳಿಸಿದ ಹಣದಿಂದ ಹದಿನೈದರ ಹರೆಯದಲ್ಲೇ ತಾಯಿಯ ಮನೆಯ ಮೇಲಿದ್ದ 200 ಡಾಲರ್ ಸಾಲ ತೀರಿತು.

ಸಿನ್ಸಿನಾಟಿಯ ಸಮೀಪ ನಡೆದ ಪಂದ್ಯವೊಂದರಲ್ಲಿ ವೃತ್ತಿಪರ ಗುರಿಕಾರ ಫ್ರಾಂಕ್ ಬಟ್ಲರ್ ಒಂದೇ ಒಂದು ಗುರಿ ತಪ್ಪಿ ಆಕೆಗೆ ಸೋತ. ಸೋತವನೇ ಗೆದ್ದವಳ ಕೈಹಿಡಿದ. ಮುಂದೆ ತಾನು ಹಿಂದೆ ಸರಿದು, ಹೆಂಡತಿಯ ಕೀರ್ತಿಯನ್ನೇ ತನ್ನ ಕೆಲಸವಾಗಿಸಿಕೊಂಡ ಅಪರೂಪದ ಗಂಡ ಆತ.

ಅದೇ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ 1880ರಲ್ಲಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ. ಅದುವರೆಗೆ ಜೀವಂತ ಪಾರಿವಾಳ ಅಥವಾ ಗಾಜಿನ ಚೆಂಡುಗಳೇ ಗುರಿಗಳು. ಗಾಜಿನ ಚೆಂಡುಗಳ ಕಾಲವಿನ್ನೂ ಮುಗಿಯದಿದ್ದ 1885ರಲ್ಲಿ ಓಕ್ಲಿ ಅದೇ ಊರಿನಲ್ಲಿ ಒಂಬತ್ತು ಗಂಟೆಗಳ ಕಾಲ ನಿಂತು, ಕೋವಿಗೆ ತಾನೇ ತೋಟಾ ತುಂಬಿಕೊಳ್ಳುತ್ತ, 5000 ಚೆಂಡುಗಳಲ್ಲಿ 4772ನ್ನು ಒಡೆದಳು. ಒಂದು ತೋಟಾಕ್ಕೆ 28 ಗ್ರಾಂ ಚರೆಯೆಂದು ಹಿಡಿದರೂ ಸುಮಾರು 140 ಕಿಲೋ ಸೀಸ! ಬಾಲ್ಯದಲ್ಲಿ ಚಿಟಿಕೆ ಮದ್ದನ್ನೂ ಲೆಕ್ಕವಿಟ್ಟವಳಿಗೆ ಇದು ಊಹೆಗೂ ನಿಲುಕದ ವೈಭವ.

ಅದೇ ವರ್ಷ ಬಫಲೋ ಬಿಲ್‌ನ ವೈಲ್ಡ್ ವೆಸ್ಟ್ ತಂಡ ಸೇರಿ, 1887ರಲ್ಲಿ ಲಂಡನ್ನಿಗೆ ಹೋದಳು. ಭಾರದ ಕೋವಿ ತನ್ನ ಸಣ್ಣ ಮೈಕಟ್ಟಿಗೆ ಒಗ್ಗದೆಂಬುದು ಅಲ್ಲಿ ಮನವರಿಕೆಯಾಯಿತು. ಬಂದೂಕು ತಯಾರಕ ಚಾರ್ಲ್ಸ್ ಲ್ಯಾಂಕಾಸ್ಟರ್ ಸಂಸ್ಥೆ ಆಕೆಯ ಅಳತೆಗೆ ಹಗುರವಾದ ಕೋವಿಗಳನ್ನು ಮಾಡಿಕೊಟ್ಟಿತು. ಮದ್ದಿನ ಆಯ್ಕೆಯಲ್ಲೂ ಆಕೆ ಕಟ್ಟುನಿಟ್ಟು. ಕಪ್ಪು ಮದ್ದಿನ ದಟ್ಟ ಹೊಗೆ ಮುಂದಿನ ಗುರಿಯನ್ನೇ ಮರೆಮಾಡುತ್ತಿತ್ತು; ಆದ್ದರಿಂದ ಮರದ ನಾರಿನಿಂದ ತಯಾರಾಗುವ, ಹೊಗೆ ಕಡಿಮೆಯಿರುವ ಶುಲ್ಟ್ಜ್ ಮದ್ದನ್ನು ಮೆಚ್ಚಿಕೊಂಡಳು. ಹೆಚ್ಚು ಮದ್ದು ತುಂಬಿದರೆ ಹೆಚ್ಚು ಗುರಿ ಬೀಳುತ್ತದೆಂಬುದು ಭ್ರಮೆ; ಹೆಚ್ಚುವುದು ಭುಜಕ್ಕೆ ಬೀಳುವ ಒದೆತ ಮತ್ತು ಖರ್ಚು ಮಾತ್ರ.

1901ರಲ್ಲಿ ಆಕೆ ವೈಲ್ಡ್ ವೆಸ್ಟ್ ತಂಡವನ್ನು ಬಿಟ್ಟಳು. ಬಟ್ಲರ್ ಯೂನಿಯನ್ ಮೆಟಾಲಿಕ್ ಕಾರ್ಟ್ರಿಜ್ ಕಂಪೆನಿಯ ಪ್ರತಿನಿಧಿಯಾದ. ಈಡು ಎಣಿಸುತ್ತಿದ್ದ ಹುಡುಗಿಯ ಮನೆಗೆ ತೋಟಾ ಕಂಪೆನಿಯೇ ಅನ್ನ ನೀಡತೊಡಗಿತು.

1903ರಲ್ಲಿ ಬೇರೊಂದು ಪೆಟ್ಟು ಬಿತ್ತು. ಕೊಕೇನ್ ಚಟಕ್ಕಾಗಿ ಕಳವು ಮಾಡಿ ಓಕ್ಲಿ ಷಿಕಾಗೋದಲ್ಲಿ ಸಿಕ್ಕಿಬಿದ್ದಳೆಂದು ಹರ್ಸ್ಟ್ ಪತ್ರಿಕೆಗಳು ಸುದ್ದಿ ಹಬ್ಬಿಸಿದವು. ಸಿಕ್ಕಿಬಿದ್ದವಳು ಆಕೆಯ ಹೆಸರು ಹೇಳಿಕೊಂಡಿದ್ದ ಮತ್ತೊಬ್ಬಳು. ಓಕ್ಲಿ 55 ಪತ್ರಿಕೆಗಳ ಮೇಲೆ ಮೊಕದ್ದಮೆ ಹೂಡಿ, 1910ರವರೆಗೆ ಊರೂರಿನ ನ್ಯಾಯಾಲಯಗಳನ್ನು ಅಲೆದು, ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಗೆದ್ದಳು ಇಲ್ಲವೇ ರಾಜಿಯಲ್ಲಿ ಮುಗಿಸಿದಳು. ಬಂದ ಪರಿಹಾರಕ್ಕಿಂತ ಆದ ವೆಚ್ಚವೇ ಹೆಚ್ಚು. ಜೀವನವಿಡೀ ಕಾಸಿಗೆ ಕಾಸು ಕೂಡಿಸಿದವಳು ಮಾನದ ವಿಷಯದಲ್ಲಿ ಮಾತ್ರ ಲೆಕ್ಕ ನೋಡಲಿಲ್ಲ.

ಕೊನೆಯ ವರ್ಷಗಳಲ್ಲಿ ಉತ್ತರ ಕ್ಯಾರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ ಹೆಂಗಸರಿಗೆ ಶುಲ್ಕವಿಲ್ಲದೆ ಕೋವಿ ಹಿಡಿಯುವುದನ್ನು ಕಲಿಸಿದಳು. ಚಿನ್ನದ ಪದಕಗಳನ್ನು ಕರಗಿಸಿ, ಬಂದ ಹಣವನ್ನು ಕ್ಷಯರೋಗಿಗಳ ಆಸ್ಪತ್ರೆಗೆ ಕೊಟ್ಟಳು. 1922ರಲ್ಲಿ, ಅರವತ್ತು ದಾಟಿದ ಮೇಲೆ, 16 ಗಜ ದೂರದಿಂದ 100 ಮಣ್ಣಿನ ಬಿಲ್ಲೆಗಳನ್ನು ಒಂದೂ ತಪ್ಪದಂತೆ ಒಡೆದಳು. 1926ರ ನವೆಂಬರ್ 3ರಂದು ತೀರಿಕೊಂಡಳು. ಹದಿನೆಂಟು ದಿನಗಳ ಬಳಿಕ ಬಟ್ಲರ್ ಕೂಡ.

ಇಂದಿನ ಒಲಿಂಪಿಕ್ ಟ್ರ್ಯಾಪ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 125 ಬಿಲ್ಲೆಗಳು. ಪ್ರತಿಯೊಂದಕ್ಕೂ ಎರಡು ಈಡಿನ ಅವಕಾಶ. ಅಂದರೆ 250 ತೋಟಾಗಳವರೆಗೆ ಖರ್ಚು. ಅಭ್ಯಾಸದ ಲೆಕ್ಕ ಬೇರೆ. ನಮ್ಮಲ್ಲಿ 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಕರ್ಣಿ ಸಿಂಗ್ ಬಿಕಾನೇರಿನ ಮಹಾರಾಜ; 2004ರ ಅಥೆನ್ಸ್‌ನಲ್ಲಿ ಬೆಳ್ಳಿ ತಂದ ರಾಜ್ಯವರ್ಧನ ಸಿಂಗ್ ರಾಥೋಡ್ ಸೇನಾಧಿಕಾರಿ. ಒಬ್ಬರ ಹಿಂದೆ ಅರಮನೆ, ಇನ್ನೊಬ್ಬರ ಹಿಂದೆ ಸೇನೆ. ಇವರ ಸಾಧನೆ ಇದರಿಂದ ಕಿರಿದಾಗುವುದಿಲ್ಲ. ಆದರೆ ಎರಡೂ ಇಲ್ಲದ ಮನೆಯಲ್ಲಿ ತೀಕ್ಷ್ಣ ಕಣ್ಣಿನ ಹುಡುಗಿಯೊಬ್ಬಳು ಹುಟ್ಟಿದರೆ ಅವಳ ತೋಟಾದ ಬೆಲೆಯನ್ನು ಯಾರು ಕೊಡುತ್ತಾರೆ? ಪ್ರತಿಭೆಯನ್ನು ಹುಡುಕಿ ಹೊರಟವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.