ಜಾನ್ ಬಾಡ್ಕಿನ್ ಆಡಮ್ಸ್

ಜಾನ್ ಬಾಡ್ಕಿನ್ ಆಡಮ್ಸ್ (ಜನವರಿ 21, 1899 – ಜುಲೈ 4, 1983) ಇಂಗ್ಲೆಂಡಿನ ಈಸ್ಟ್‌ಬರ್ನ್ ಪಟ್ಟಣದಲ್ಲಿ ವೃತ್ತಿ ನಡೆಸಿದ ಐರ್ಲೆಂಡ್ ಮೂಲದ ವೈದ್ಯ. ವೃದ್ಧ ರೋಗಿಯೊಬ್ಬರಿಗೆ ಮಾರ್ಫಿನ್ ಮತ್ತು ಹೆರಾಯಿನ್‌ಗಳನ್ನು ಮಿತಿಮೀರಿ ನೀಡಿ ಕೊಂದರೆಂಬ ಆರೋಪದಿಂದ 1957ರಲ್ಲಿ ಇವರು ಖುಲಾಸೆಗೊಂಡರು. ಆದರೆ ಅದೇ ವರ್ಷ ಔಷಧ ಚೀಟಿಗಳ ವಂಚನೆ ಹಾಗೂ ಮಾದಕ ಔಷಧಗಳ ಲೆಕ್ಕವಿಡದಿರುವುದು ಸೇರಿದಂತೆ ಹಲವು ಅಪರಾಧಗಳಿಗಾಗಿ ದಂಡನೆಗೊಳಗಾದರು.

ಜೀವನ ಮತ್ತು ವೃತ್ತಿ

ಆಡಮ್ಸ್ ಆಂಟ್ರಿಮ್ ಪ್ರಾಂತ್ಯದ ರ್‍ಯಾಂಡಲ್ಸ್‌ಟೌನ್‌ನಲ್ಲಿ ಧರ್ಮನಿಷ್ಠ ಕುಟುಂಬವೊಂದರಲ್ಲಿ ಜನಿಸಿದರು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ 1921ರಲ್ಲಿ ಪದವಿ ಪಡೆದು, ಮರುವರ್ಷ ಈಸ್ಟ್‌ಬರ್ನ್‌ಗೆ ಬಂದರು. ನಿವೃತ್ತ ಶ್ರೀಮಂತರು ಹೆಚ್ಚಾಗಿ ನೆಲೆಸಿದ್ದ ಈ ಕಡಲತೀರದ ಪಟ್ಟಣದಲ್ಲಿ ಅವರ ವೃತ್ತಿ ಬೇಗನೆ ಬೆಳೆಯಿತು. ನೂರಕ್ಕೂ ಹೆಚ್ಚು ರೋಗಿಗಳು ತಮ್ಮ ಉಯಿಲಿನಲ್ಲಿ ಅವರಿಗೆ ಹಣ ಅಥವಾ ವಸ್ತುಗಳನ್ನು ಬರೆದಿಟ್ಟಿದ್ದರು.

ತನಿಖೆ ಮತ್ತು ಬಂಧನ

1956ರ ಜುಲೈನಲ್ಲಿ ಗರ್ಟ್ರೂಡ್ ಹಲೆಟ್ ಎಂಬ ರೋಗಿ ಮರಣ ಹೊಂದಿದ ನಂತರ ಸ್ಕಾಟ್ಲೆಂಡ್ ಯಾರ್ಡ್‌ನ ಹರ್ಬರ್ಟ್ ಹ್ಯಾನಮ್ ತನಿಖೆ ಕೈಗೊಂಡರು. ನವೆಂಬರ್‌ನಲ್ಲಿ ಪೊಲೀಸರು ಅಪಾಯಕಾರಿ ಔಷಧಗಳ ಕಾಯ್ದೆಯಡಿ ಆಡಮ್ಸ್‌ರ ಮನೆಯನ್ನು ಶೋಧಿಸಿದರು. ಮಾರ್ಫಿನ್ ಮುಂತಾದವುಗಳನ್ನು ಇಟ್ಟುಕೊಳ್ಳುವ ವೈದ್ಯರು ಎಷ್ಟು ತಂದರು, ಯಾರಿಗೆ ಎಷ್ಟು ಕೊಟ್ಟರು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕಿತ್ತು. 1949ರಿಂದ ತಾವು ಅದನ್ನು ಬರೆದಿಲ್ಲವೆಂದು ಆಡಮ್ಸ್ ಒಪ್ಪಿಕೊಂಡರು. ಶೋಧದ ನಡುವೆಯೇ ಮಾರ್ಫಿನ್‌ನ ಎರಡು ಸೀಸೆಗಳನ್ನು ಜೇಬಿಗೆ ಸೇರಿಸಿಕೊಂಡು ಸಿಕ್ಕಿಬಿದ್ದರು. (ಆಗ ಭಾರತದಲ್ಲಿಯೂ ಇದೇ ಹೆಸರಿನ 1930ರ ಕಾಯ್ದೆ ಜಾರಿಯಲ್ಲಿತ್ತು, 1985ರ ಮಾದಕ ವಸ್ತುಗಳ ಕಾಯ್ದೆ ಅದರ ಸ್ಥಾನವನ್ನು ಪಡೆಯಿತು.)

ವಿಚಾರಣೆ

1950ರಲ್ಲಿ ಮೃತಪಟ್ಟಿದ್ದ ಈಡಿತ್ ಆಲಿಸ್ ಮೋರೆಲ್‌ರ ಕೊಲೆ ಆರೋಪದ ವಿಚಾರಣೆ 1957ರ ಮಾರ್ಚ್ 18ರಂದು ಲಂಡನ್ನಿನಲ್ಲಿ ಆರಂಭವಾಯಿತು. ಪ್ರಾಸಿಕ್ಯೂಷನ್ ಔಷಧ ಚೀಟಿಗಳನ್ನೂ ದಾದಿಯರ ನೆನಪನ್ನೂ ಆಧರಿಸಿತ್ತು. ಎರಡನೆಯ ದಿನವೇ ಪ್ರತಿವಾದಿ ವಕೀಲ ಜೆಫ್ರಿ ಲಾರೆನ್ಸ್, ಅದೇ ದಾದಿಯರು ಅಂದು ಬರೆದಿಟ್ಟಿದ್ದ ಟಿಪ್ಪಣಿ ಪುಸ್ತಕಗಳನ್ನು ಹಾಜರುಪಡಿಸಿದರು. ಚೀಟಿಗಳಿಗಿಂತ ಕಡಿಮೆ ಪ್ರಮಾಣದ ಔಷಧ ಅವುಗಳಲ್ಲಿ ದಾಖಲಾಗಿತ್ತು. ಆರೋಪ ಅಲ್ಲಿಗೇ ಸಡಿಲವಾಯಿತೆನ್ನಬಹುದು. ಏಪ್ರಿಲ್ 9ರಂದು ಜ್ಯೂರಿ 44 ನಿಮಿಷಗಳಲ್ಲಿ ಅವರನ್ನು ನಿರ್ದೋಷಿಯೆಂದು ಘೋಷಿಸಿತು.

ಈ ಮೊಕದ್ದಮೆಯಲ್ಲಿ ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್ ಜ್ಯೂರಿಗೆ ನೀಡಿದ ನಿರ್ದೇಶನ ವೈದ್ಯಕೀಯ ಕಾನೂನಿನಲ್ಲಿ ಮುಖ್ಯವಾದುದು. ಗುಣವಾಗದ ರೋಗಿಯ ನೋವನ್ನು ಶಮನಗೊಳಿಸಲು ಅಗತ್ಯವಾದ ಕ್ರಮವನ್ನು ವೈದ್ಯರು ಕೈಗೊಳ್ಳಬಹುದು. ಅದರಿಂದ ಆಯುಷ್ಯ ಕೊಂಚ ಕಡಿಮೆಯಾದರೂ ಅದು ಕೊಲೆಯಲ್ಲ, ಆದರೆ ಕೊಲ್ಲುವ ಹಕ್ಕು ವೈದ್ಯರಿಗಿಲ್ಲ ಎಂಬುದು ಅದರ ಸಾರ.

ನಂತರದ ವರ್ಷಗಳು

ಜುಲೈನಲ್ಲಿ ಔಷಧ ಚೀಟಿಗಳ ವಂಚನೆ, ಶವದಹನದ ಅರ್ಜಿಗಳಲ್ಲಿ ಸುಳ್ಳು ಹೇಳಿಕೆ, ಶೋಧಕ್ಕೆ ಅಡ್ಡಿ ಮತ್ತು ದಾಖಲೆ ಪುಸ್ತಕ ಇಡದಿದ್ದುದಕ್ಕಾಗಿ ಅವರಿಗೆ 2,400 ಪೌಂಡ್ ದಂಡ ವಿಧಿಸಲಾಯಿತು. ಸೆರೆವಾಸವಾಗಲಿಲ್ಲ. ವರ್ಷಾಂತ್ಯದೊಳಗೆ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲಾಯಿತಾದರೂ 1961ರಲ್ಲಿ ಮತ್ತೆ ಸೇರಿಸಲಾಯಿತು. ಆಡಮ್ಸ್ ಈಸ್ಟ್‌ಬರ್ನ್‌ನಲ್ಲೇ ವೃತ್ತಿ ಮುಂದುವರಿಸಿದರು. ಅವರನ್ನು ನಂಬಿದ ರೋಗಿಗಳು ಉಯಿಲುಗಳಲ್ಲಿ ಅವರಿಗೆ ಆಸ್ತಿ ಬರೆಯುವುದನ್ನು ನಿಲ್ಲಿಸಲಿಲ್ಲ. 1983ರಲ್ಲಿ ಅಲ್ಲಿಯೇ ನಿಧನರಾದರು. ಡೆವ್ಲಿನ್ ಈ ವಿಚಾರಣೆಯ ಕುರಿತ ತಮ್ಮ ಪುಸ್ತಕವನ್ನು 1985ರಲ್ಲಿ ಪ್ರಕಟಿಸಿದರು.