ಲೋಹವನ್ನು ಕಾಣದೆ ಹೆಸರಿಟ್ಟ ಕ್ಲಾಪ್ರೋತ್

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕದ ಬೋಧನಾಭ್ಯಾಸಕ್ಕೆ ನಾನು ಮಾರ್ಟಿನ್ ಹೈನ್ರಿಶ್ ಕ್ಲಾಪ್ರೋತ್ ಅವರ ಜೀವನವನ್ನು ಆರಿಸಿಕೊಂಡೆ. 1743ರಲ್ಲಿ ಜರ್ಮನಿಯ ವೆರ್ನಿಗೆರೋಡೆಯ ದರ್ಜಿಯೊಬ್ಬರ ಮನೆಯಲ್ಲಿ ಹುಟ್ಟಿದ ಅವರು ಔಷಧದಂಗಡಿಯಲ್ಲಿ ಕೆಲಸ ಕಲಿಯುತ್ತಲೇ ರಸಾಯನಶಾಸ್ತ್ರಜ್ಞರಾದರು. 1789ರಲ್ಲಿ ಯುರೇನಿಯಂ, ಜಿರ್ಕೋನಿಯಂಗಳನ್ನು ಗುರುತಿಸಿದರು. 1795ರಲ್ಲಿ ರೂಟೈಲ್ ಅದಿರಿನಲ್ಲಿ ಹೊಸ ಧಾತುವನ್ನು ಪತ್ತೆಹಚ್ಚಿ, ಗ್ರೀಕ್ ಪುರಾಣದ ಟೈಟನ್ನರ ಹೆಸರಿನಿಂದ ಟೈಟಾನಿಯಂ ಎಂದು ಕರೆದರು. ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಗ್ರೆಗರ್ 1791ರಲ್ಲೇ ಕಪ್ಪು ಮರಳಿನಲ್ಲಿ ಅದನ್ನು ಕಂಡಿದ್ದರು. ಎರಡೂ ಒಂದೇ ಎಂದು ಪರೀಕ್ಷಿಸಿ ತಿಳಿಸಿದವರೂ ಕ್ಲಾಪ್ರೋತ್ ಅವರೇ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು. 1817ರಲ್ಲಿ ತೀರಿಕೊಂಡರು.

ಅವರ ಕೈಗೆ ಸಿಕ್ಕಿದ್ದು ಆಕ್ಸೈಡ್ ಮಾತ್ರ. ಶುದ್ಧ ಲೋಹ ದೊರೆತದ್ದು 1910ರಲ್ಲಿ. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಗುಣದಿಂದಲೇ ಟೈಟಾನಿಯಂ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗಿ ಕಟ್ಟುತ್ತದೆ, ಗೀರಿದರೂ ಮತ್ತೆ ಮೂಡುತ್ತದೆ. ಇಂದು ದವಡೆಯಲ್ಲಿ ಕೂರಿಸಿದ ಕೃತಕ ಹಲ್ಲಿನ ಬೇರು ಸವೆದು ಹಾಳಾಗದೆ ಮೂಳೆಯೊಂದಿಗೆ ಬೆಸೆದುಕೊಳ್ಳಲು ಈ ಪದರವೇ ಮುಖ್ಯ ಕಾರಣ. ಮೂಳೆಗೆ ತಾಗುವುದು ಲೋಹವಲ್ಲ, ಕ್ಲಾಪ್ರೋತ್ ಕಂಡ ಆಕ್ಸೈಡೇ.

ಆಮ್ಲಜನಕ ತಗುಲಿದ ಲೋಹ ಕೆಡುತ್ತದೆ ಎಂದೇ ಮಕ್ಕಳು ನಂಬಿರುತ್ತಾರೆ. ಕಬ್ಬಿಣದ ತುಕ್ಕು ಉದುರುತ್ತದೆ, ಈ ಪದರ ಕಾಯುತ್ತದೆ. ಸಮೀಕರಣ ಬರೆಸುವ ಮೊದಲು ಈ ವ್ಯತ್ಯಾಸವನ್ನು ಮನಗಾಣಿಸಬೇಕೆಂಬುದು ನನ್ನ ಅಭಿಪ್ರಾಯ.