ಬಾಯಿ ಬಾರದ ಬ್ಯಾರಿಸ್ಟರು

ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ಓದಿ ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದೆಯೇ ಅಂದರೆ ಇಡೀ ಸಭೆ ಗಪ್‌ಚುಪ್. ಆಮೇಲೆ ಚಹಾದ ಅಂಗಡಿ ಕಟ್ಟೆಯ ಮೇಲೆ ಮಾತೋ ಮಾತು! ಎದ್ದು ನಿಂತರೆ ಕಾಲು ನಡುಗುತ್ತೆ ಅನ್ನುವ ಸದಸ್ಯ ಬಾಂಧವರಿಗಾಗಿ ಮಹಾತ್ಮ ಗಾಂಧಿಯವರ ಆರಂಭದ ದಿನಗಳ ಕಥೆಯನ್ನು ಇಲ್ಲಿ ಬರೆದಿದ್ದೇವೆ. ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು, ಇದು ಅಷ್ಟಾಗಿ ಗೊತ್ತಿಲ್ಲ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಬಲು ನಾಚಿಕೆಯ ಹುಡುಗ. ಯಾರಾದರೂ ಮಾತಾಡಿಸಿಯಾರೆಂದು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದರಂತೆ. 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೋದರು. ಅಲ್ಲಿ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಒಂದು ಹಾಳೆಯಷ್ಟು ಭಾಷಣ ಬರೆದುಕೊಂಡು ಹೋಗಿ, ಎದ್ದು ನಿಂತಾಗ ಕಣ್ಣು ಮಂಜಾಗಿ ಮೈ ನಡುಗಿತು. ಜೊತೆಗಿದ್ದವರೇ ಅದನ್ನು ಓದಿ ಮುಗಿಸಿದರು.

1891ರಲ್ಲಿ ಬ್ಯಾರಿಸ್ಟರಾಗಿ ಬಂದರು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ, ಫೀಜು 30 ರೂಪಾಯಿ. ಪಾಟೀ ಸವಾಲು ಮಾಡಲು ಎದ್ದರೆ ತಲೆ ಗಿರ್ರೆಂದಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಬೇರೆ ವಕೀಲರನ್ನು ನೋಡಿಕೊಳ್ಳಿ ಅಂತ ಹೇಳಿ, ತಲೆ ತಗ್ಗಿಸಿ ಹೊರಗೆ ಬಂದರು.

ಅಂಥವರಿಗೆ ಮಾತು ಬಂದದ್ದು ವ್ಯಾಪಾರಿಗಳ ನಡುವೆ! ದಾದಾ ಅಬ್ದುಲ್ಲಾ ಕಂಪನಿಯ ಮೊಕದ್ದಮೆಗಾಗಿ 1893ರಲ್ಲಿ ವರ್ಷಕ್ಕೆ 105 ಪೌಂಡಿಗೆ ದಕ್ಷಿಣ ಆಫ್ರಿಕಕ್ಕೆ ಹೋದರು. ಪ್ರಿಟೋರಿಯಾಕ್ಕೆ ಹೊರಟಾಗ ರೈಲಿನಿಂದ ಹೊರದಬ್ಬಿಸಿಕೊಂಡ ಕಥೆ ಮಕ್ಕಳಿಗೂ ಗೊತ್ತು. ಊರು ಸೇರಿ ಕೆಲವೇ ದಿನಕ್ಕೆ ಅಲ್ಲಿನ ಭಾರತೀಯರನ್ನು ಒಬ್ಬ ಸೇಟರ ಮನೆಯಲ್ಲಿ ಸೇರಿಸಿದರು. ಬಂದವರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಸ್ಥರು. ಅದೇ ಅವರ ಬದುಕಿನ ಮೊದಲ ಸಾರ್ವಜನಿಕ ಭಾಷಣ. ವಿಷಯ, ವ್ಯಾಪಾರದಲ್ಲಿ ಸತ್ಯ. ವ್ಯಾಪಾರಕ್ಕೂ ಸತ್ಯಕ್ಕೂ ಆಗಿಬರೋದಿಲ್ಲ ಅನ್ನುತ್ತಿದ್ದವರ ಮುಂದೆಯೇ ಅದು ತಪ್ಪೆಂದು ವಾದಿಸಿದರು. ಪರದೇಶದಲ್ಲಿ ಒಬ್ಬ ಮೋಸ ಮಾಡಿದರೂ ಇಡೀ ದೇಶಕ್ಕೆ ಕೆಟ್ಟ ಹೆಸರೆಂದು ತಿಳಿಹೇಳಿದರು. ಈ ಸಲ ನಾಲಿಗೆ ತಡವರಿಸಲಿಲ್ಲ. ವಿಷಯವನ್ನು ಚೆನ್ನಾಗಿ ಯೋಚಿಸಿಕೊಂಡು ಹೋಗಿದ್ದರು. ಮೇಲಾಗಿ, ಹೇಳಲೇಬೇಕಾದ ಮಾತು ಹೊಟ್ಟೆಯಲ್ಲಿತ್ತು ಅಂತ ನಮಗನಿಸುತ್ತದೆ.

ಇಂಗ್ಲಿಷ್ ಬಾರದವರಿಗೆ ತಾವೇ ಕಲಿಸುವುದಾಗಿಯೂ ಹೇಳಿದರು. ಮುಂದೆ ಬಂದವರು ಮೂವರೇ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವ. ಬ್ಯಾರಿಸ್ಟರರೇ ಅವರಿದ್ದಲ್ಲಿಗೆ ಹೋಗಿ, ಕೆಲಸದ ನಡುವೆ ಬಿಡುವಾಗುವ ತನಕ ಕಾದು ಪಾಠ ಹೇಳಿದರು. ಎಂಟು ತಿಂಗಳಲ್ಲಿ ಇಬ್ಬರು ಲೆಕ್ಕ ಬರೆಯುವಷ್ಟು, ವ್ಯವಹಾರದ ಕಾಗದ ಬರೆಯುವಷ್ಟು ಕಲಿತರು. ಕ್ಷೌರಿಕನಿಗೆ ಗಿರಾಕಿಗಳ ಜೊತೆ ಮಾತಾಡುವಷ್ಟು ಬಂದರೆ ಸಾಕಾಗಿತ್ತು.

ಇನ್ನು ಮೊಕದ್ದಮೆ. 40,000 ಪೌಂಡಿನ ದಾವೆ. ದಾದಾ ಅಬ್ದುಲ್ಲಾ, ತಯ್ಯಬ್ ಸೇಟ್ ಇಬ್ಬರೂ ನೆಂಟರು, ಒಂದೇ ಊರಿನವರು. ಗಾಂಧಿ ಜಮಾ-ಖರ್ಚಿನ ಪುಸ್ತಕ ಕೊಂಡು ಲೆಕ್ಕ ಬರೆಯುವುದನ್ನು ಕಲಿತು ಕಾಗದಪತ್ರ ಓದಿದರು. ತಮ್ಮ ಕಕ್ಷಿದಾರರ ಪಕ್ಷ ಬಲವಾಗಿತ್ತು. ಆದರೂ ವಕೀಲರ ಫೀಜಿನಲ್ಲೇ ಎರಡೂ ಮನೆ ಮುಳುಗುತ್ತವೆಂದು ಕಂಡು, ಎದುರು ಪಕ್ಷದವರನ್ನೇ ಭೇಟಿಯಾಗಿ ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಸುಮಾರು 37,000 ಪೌಂಡು ಒಮ್ಮೆಲೇ ಕಟ್ಟಬೇಕೆಂದರೆ ತಯ್ಯಬ್ ಸೇಟರು ದಿವಾಳಿ ಏಳುತ್ತಿದ್ದರು. ಆ ವರ್ತಕರಲ್ಲಿ ದಿವಾಳಿಗಿಂತ ಸಾವೇ ಮೇಲು. ದೀರ್ಘ ಕಂತುಗಳಿಗೆ ಗೆದ್ದವರನ್ನು ಒಪ್ಪಿಸುವುದು ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತಂತೆ. ಕಂತಿನ ಕಷ್ಟ ಬಲ್ಲ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಿಲ್ಲ.

ಅಷ್ಟರಲ್ಲಿ ನೇಟಾಲಿನ ಭಾರತೀಯರ ಮತದ ಹಕ್ಕು ಕಿತ್ತುಕೊಳ್ಳುವ ಮಸೂದೆ ಬಂತು. ಊರಿಗೆ ಹೊರಟವರು ಅಲ್ಲೇ ಉಳಿದರು. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು, ಗಾಂಧಿ ಕಾರ್ಯದರ್ಶಿ. ಸಭೆಯಲ್ಲಿ ಎದ್ದು ಮಾತಾಡಲು ಅಲ್ಲೂ ಎಲ್ಲರಿಗೂ ಸಂಕೋಚವೇ. ಸಭೆಯ ನಿಯಮಗಳನ್ನು ಅವರೇ ತಿಳಿಸಿಕೊಟ್ಟರು. ಖರ್ಚಿನ ವಿವರ ಸಭೆಯ ಮುಂದೆ ಬರುತ್ತಿತ್ತು, ಚರ್ಚೆ ನಡೆಯುತ್ತಿತ್ತು. ಎಂದೂ ಬಾಯಿ ಬಿಡದಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು ಮಾತಾಡತೊಡಗಿದರು. ಪೈಸೆ ಪೈಸೆಗೂ ರಶೀದಿ ಇತ್ತು. ಆ 1894ರ ಲೆಕ್ಕದ ಪುಸ್ತಕಗಳು ಈಗಲೂ ಪೂರ್ತಿ ಸಿಕ್ಕಾವೆಂದು ಮೂವತ್ತು ವರ್ಷಗಳ ಮೇಲೆ ಆತ್ಮಕಥೆ ಬರೆಯುವಾಗಲೂ ಅವರಿಗೆ ಧೈರ್ಯವಿತ್ತು.